ಬಂಧ ಧ್ರುವೀಯವೋ ಅಲ್ಲವೋ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಪರಮಾಣುಗಳ ನಡುವಿನ ಬಂಧ ಧ್ರುವೀಯವೇ ಎಂದು ನೋಡುವುದು ಒಂದು ಸಣ್ಣ ಕಳೆಯುವ ಲೆಕ್ಕ. ಅಷ್ಟೇ ಆಗಿದ್ದರೆ ಇಷ್ಟು ಪ್ರಶ್ನೆಗಳು ಬರುತ್ತಿರಲಿಲ್ಲ. ಲೆಕ್ಕ ಮಾಡಿದ ಮೇಲೆ ಬಂದ ಅಂಕಿಯನ್ನು ಎಷ್ಟು ನಂಬಬೇಕು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಇಲ್ಲಿರುವ ಉತ್ತರಗಳಲ್ಲಿ ಜಾಸ್ತಿ ಜಾಗ ಅದಕ್ಕೇ ಹೋಗಿದೆ.

ಧ್ರುವೀಯ ಬಂಧ ಅಂದರೆ ಏನು?

ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡರೆ ಅದು ಕೋವೇಲೆಂಟ್ ಬಂಧ. ಹಂಚಿಕೆ ಸಮಪಾಲಾಗಿಲ್ಲದಿದ್ದರೆ ಅದೇ ಧ್ರುವೀಯ ಬಂಧ. ಜೋಡಿ ಯಾವ ಕಡೆ ವಾಲಿದೆಯೋ ಆ ಕಡೆ ಸ್ವಲ್ಪ ಋಣ ಆವೇಶ, ಇನ್ನೊಂದು ಕಡೆ ಅಷ್ಟೇ ಧನ ಆವೇಶ ಇರುತ್ತದೆ. ಈ ಆವೇಶ ಒಂದು ಪೂರ್ತಿ ಎಲೆಕ್ಟ್ರಾನ್‌ನಷ್ಟು ಇರುವುದಿಲ್ಲ. ಅದಕ್ಕೇ ಡೆಲ್ಟಾ ಮೈನಸ್, ಡೆಲ್ಟಾ ಪ್ಲಸ್ ಎಂದು ಗುರುತು ಹಾಕುತ್ತಾರೆ.

ಬಾಣ ಬರೆಯುವ ಪದ್ಧತಿಯೂ ಇದೆ. ರಸಾಯನಶಾಸ್ತ್ರದಲ್ಲಿ ಬಾಣದ ಮೊನೆ ಋಣದ ಕಡೆ ಇರುತ್ತದೆ, ಬಾಲದಲ್ಲಿ ಪ್ಲಸ್‌ನಂತೆ ಕಾಣುವ ಒಂದು ಅಡ್ಡಗೆರೆ ಇರುತ್ತದೆ. ಭೌತಶಾಸ್ತ್ರದ ಪುಸ್ತಕ ತೆರೆದರೆ ಇದೇ ಬಾಣ ಋಣದಿಂದ ಧನದ ಕಡೆಗೆ, ಅಂದರೆ ಉಲ್ಟಾ ಇರುತ್ತದೆ. ಯಾರೂ ತಪ್ಪು ಬರೆದಿಲ್ಲ, ಎರಡು ವಿಷಯಗಳ ರೂಢಿ ಬೇರೆ ಬೇರೆ.

ಹೇಗೆ ಕಂಡುಹಿಡಿಯುವುದು? ಸರಳವಾಗಿ ಹೇಳಿ.

ಪ್ರತಿ ಧಾತುವಿಗೂ ವಿದ್ಯುದೃಣತೆ, ಅಂದರೆ ಎಲೆಕ್ಟ್ರೋನೆಗೆಟಿವಿಟಿ, ಎಂಬ ಅಂಕಿ ಇದೆ. ಬಂಧದಲ್ಲಿರುವ ಎಲೆಕ್ಟ್ರಾನ್‌ಗಳನ್ನು ಆ ಪರಮಾಣು ತನ್ನ ಕಡೆ ಎಷ್ಟು ಎಳೆಯುತ್ತದೆ ಎಂಬುದರ ಅಳತೆ ಅದು. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಿರಿ. ವ್ಯತ್ಯಾಸ ಜಾಸ್ತಿ ಇದ್ದಷ್ಟೂ ಬಂಧ ಹೆಚ್ಚು ಧ್ರುವೀಯ. ಅಂಕಿ ಯಾರದು ದೊಡ್ಡದೋ ಆ ತುದಿ ಡೆಲ್ಟಾ ಮೈನಸ್.

ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಹೆಸರಿನ ಪಟ್ಟಿಯಲ್ಲಿ ಪದೇ ಪದೇ ಬೇಕಾಗುವವು ಇವು: ಫ್ಲೂರಿನ್ 3.98, ಆಕ್ಸಿಜನ್ 3.44, ಕ್ಲೋರಿನ್ 3.16, ನೈಟ್ರೋಜನ್ 3.04, ಬ್ರೋಮಿನ್ 2.96, ಅಯೋಡಿನ್ 2.66, ಗಂಧಕ 2.58, ಕಾರ್ಬನ್ 2.55, ಹೈಡ್ರೋಜನ್ 2.20, ಫಾಸ್ಫರಸ್ 2.19, ಬೋರಾನ್ 2.04, ಸಿಲಿಕಾನ್ 1.90, ಮೆಗ್ನೀಸಿಯಂ 1.31, ಸೋಡಿಯಂ 0.93.

ನೀರಿನ ಅಣುವಿನ ಒಂದು ಬಂಧ ತಗೊಳ್ಳಿ. ಆಕ್ಸಿಜನ್ 3.44, ಹೈಡ್ರೋಜನ್ 2.20, ವ್ಯತ್ಯಾಸ 1.24. ಚೆನ್ನಾಗಿಯೇ ಧ್ರುವೀಯ. ಆಕ್ಸಿಜನ್ ತುದಿ ಋಣ, ಹೈಡ್ರೋಜನ್ ತುದಿ ಧನ. ಮುಗಿಯಿತು.

ಈ ಅಂಕಿಗಳು ಎಲ್ಲಿಂದ ಬಂದವು? ಯಾರೋ ಸುಮ್ನೆ ಹಾಕಿದ್ದಾ?

ಅಲ್ಲ. 1932ರಲ್ಲಿ ಲೈನಸ್ ಪಾಲಿಂಗ್ ಬಂಧಗಳನ್ನು ಮುರಿಯಲು ಬೇಕಾಗುವ ಶಕ್ತಿಯಿಂದ ಇವನ್ನು ಲೆಕ್ಕ ಹಾಕಿದರು. ಒಂದು ಸಲ ನೀವೇ ಮಾಡಿ ನೋಡಿ, ಪಟ್ಟಿಯ ಮೇಲೆ ಬೇರೆಯೇ ನಂಬಿಕೆ ಬರುತ್ತದೆ.

ಹೈಡ್ರೋಜನ್–ಹೈಡ್ರೋಜನ್ ಬಂಧ ಮುರಿಯಲು ಮೋಲ್ ಒಂದಕ್ಕೆ 436 ಕಿಲೋಜೂಲ್ ಬೇಕು. ಕ್ಲೋರಿನ್–ಕ್ಲೋರಿನ್‌ಗೆ ಸುಮಾರು 242. ಹೈಡ್ರೋಜನ್ ಮತ್ತು ಕ್ಲೋರಿನ್ ಸಮಪಾಲು ಹಂಚಿಕೊಳ್ಳುತ್ತಿದ್ದರೆ ಅವುಗಳ ನಡುವಿನ ಬಂಧ ಈ ಎರಡರ ಸರಾಸರಿಯ ಹತ್ತಿರ, ಅಂದರೆ 339ರ ಸುತ್ತಮುತ್ತ ಇರಬೇಕಿತ್ತು. ಅಳೆದರೆ ಸಿಗುವುದು 431. ಅಂದರೆ 92 ಕಿಲೋಜೂಲ್ ಜಾಸ್ತಿ! ಎರಡು ತುದಿಗಳಲ್ಲಿ ಧನ, ಋಣ ಆವೇಶ ಬಂದು ಒಂದನ್ನೊಂದು ಸೆಳೆಯುವುದರಿಂದಲೇ ಈ ಹೆಚ್ಚುವರಿ ಗಟ್ಟಿತನ ಬಂದಿದೆ ಎಂಬುದು ಪಾಲಿಂಗ್ ಅವರ ವಾದ. 92ನ್ನು ಎಲೆಕ್ಟ್ರಾನ್‌ವೋಲ್ಟ್‌ಗೆ ಬದಲಾಯಿಸಲು 96.5ರಿಂದ ಭಾಗಿಸಿದರೆ 0.95. ಅದರ ವರ್ಗಮೂಲ 0.98. ಈಗ ಪಟ್ಟಿ ನೋಡಿ: 3.16ರಿಂದ 2.20 ಕಳೆದರೆ 0.96. ಎಷ್ಟು ಹತ್ತಿರ ಅಲ್ವಾ?

ಹೀಗೆ ಸಿಗುವುದು ವ್ಯತ್ಯಾಸ ಮಾತ್ರ. ಹಾಗಾಗಿ ಒಂದು ಧಾತುವಿಗೆ ಮೊದಲೇ ಅಂಕಿ ನಿಗದಿ ಮಾಡಿ ಉಳಿದದ್ದನ್ನು ಅದಕ್ಕೆ ಹೊಂದಿಸಬೇಕಾಗುತ್ತದೆ. ಹಳೆಯ ಪುಸ್ತಕಗಳಲ್ಲಿ ಹೈಡ್ರೋಜನ್‌ಗೆ 2.1, ಫ್ಲೂರಿನ್‌ಗೆ 4.0 ಎಂದು ಕಂಡರೆ ಅದೂ ಸರಿಯೇ, ಆಮೇಲೆ ತಿದ್ದಿದ ಬೆಲೆಗಳು 2.20 ಮತ್ತು 3.98. ರಾಬರ್ಟ್ ಮಲ್ಲಿಕನ್ ಎಂಬ ವಿಜ್ಞಾನಿ 1934ರಲ್ಲಿ ಬೇರೆ ದಾರಿ ಹಿಡಿದರು: ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ, ಅದಕ್ಕೆ ಎಲೆಕ್ಟ್ರಾನ್ ಸೇರಿದಾಗ ಹೊರಬರುವ ಶಕ್ತಿ, ಇವೆರಡರ ಸರಾಸರಿ. ಆಲ್ರೆಡ್ ಮತ್ತು ರೋಚೋ 1958ರಲ್ಲಿ ಇನ್ನೊಂದು ಪಟ್ಟಿ ಕೊಟ್ಟರು. ಪಟ್ಟಿಯಿಂದ ಪಟ್ಟಿಗೆ ಅಂಕಿಗಳು ಸ್ವಲ್ಪ ಹೆಚ್ಚುಕಡಿಮೆ ಆಗುತ್ತವೆ. ಒಂದು ಲೆಕ್ಕದಲ್ಲಿ ಒಂದೇ ಪಟ್ಟಿ ಬಳಸಿ, ಎರಡನೇ ದಶಮಾಂಶ ಸ್ಥಾನಕ್ಕಾಗಿ ಜಗಳ ಆಡಬೇಡಿ.

0.4 ಮತ್ತು 1.7 ಎಂಬ ಗಡಿಗಳು ನಿಜವೇ? ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆಯಲ್ಲ?

ವ್ಯತ್ಯಾಸ 0.4ಕ್ಕಿಂತ ಕಡಿಮೆ ಇದ್ದರೆ ಅಧ್ರುವೀಯ, 0.4ರಿಂದ 1.7ರವರೆಗೆ ಧ್ರುವೀಯ ಕೋವೇಲೆಂಟ್, ಅದಕ್ಕಿಂತ ಮೇಲೆ ಅಯಾನಿಕ್ (ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹೋಗಿ ಧನ, ಋಣ ಅಯಾನ್‌ಗಳಾಗುವ ಬಂಧ) ಎಂದು ಕಲಿಸುತ್ತಾರೆ. ಕೆಲವು ಪುಸ್ತಕಗಳಲ್ಲಿ 0.5, ಕೆಲವದರಲ್ಲಿ 1.8 ಅಥವಾ 2.0. ಇಷ್ಟು ಭಿನ್ನತೆ ಇದೆ ಅಂದರೇನೇ ಗೊತ್ತಾಗಬೇಕು, ನಿಸರ್ಗದಲ್ಲಿ ಅಂಥ ಗೆರೆ ಇಲ್ಲ. ಪರೀಕ್ಷೆಯಲ್ಲಿ ನಿಮ್ಮ ಪುಸ್ತಕದ ಗಡಿಯನ್ನೇ ಬರೆಯಿರಿ, ಆದರೆ ತಲೆಯಲ್ಲಿ ಅದನ್ನು ಗೋಡೆ ಮಾಡಿಕೊಳ್ಳಬೇಡಿ.

1.7 ಎಲ್ಲಿಂದ ಬಂತು ಎಂಬುದಕ್ಕೆ ಒಂದು ಲೆಕ್ಕ ಇದೆ. ವ್ಯತ್ಯಾಸದಿಂದ ಬಂಧದ ಅಯಾನಿಕ್ ಗುಣ ಶೇಕಡ ಎಷ್ಟು ಎಂದು ಅಂದಾಜು ಮಾಡಲು ಪಾಲಿಂಗ್ ಒಂದು ಸೂತ್ರ ಕೊಟ್ಟಿದ್ದರು. ಅದರಲ್ಲಿ 1.7 ಹಾಕಿದರೆ ಸುಮಾರು ಶೇ 51 ಬರುತ್ತದೆ. ಅರ್ಧ ದಾಟಿತು, ಇನ್ನು ಅಯಾನಿಕ್ ಅನ್ನೋಣ ಎಂಬ ಒಪ್ಪಂದ ಅದು.

ಒಪ್ಪಂದ ಎಲ್ಲಿ ಕೈಕೊಡುತ್ತದೆ ನೋಡಿ. ಹೈಡ್ರೋಜನ್–ಫ್ಲೂರಿನ್ ವ್ಯತ್ಯಾಸ 1.78. ಗಡಿ ದಾಟಿದೆ. ಆದರೆ ಹೈಡ್ರೋಜನ್ ಫ್ಲೂರೈಡ್ 19.5 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ, ಬಿಡಿ ಅಣುಗಳಿರುವ ವಸ್ತು. ಬೋರಾನ್–ಫ್ಲೂರಿನ್ 1.94, ಸಿಲಿಕಾನ್–ಫ್ಲೂರಿನ್ 2.08. ಆದರೂ ಬೋರಾನ್ ಟ್ರೈಫ್ಲೂರೈಡ್, ಸಿಲಿಕಾನ್ ಟೆಟ್ರಾಫ್ಲೂರೈಡ್ ಎರಡೂ ಅನಿಲಗಳು. ಇತ್ತ ಸೋಡಿಯಂ–ಹೈಡ್ರೋಜನ್ ವ್ಯತ್ಯಾಸ ಬರೀ 1.27. ಆದರೆ ಸೋಡಿಯಂ ಹೈಡ್ರೈಡ್ ಅಡುಗೆ ಉಪ್ಪಿನಂಥದೇ ಜೋಡಣೆ ಇರುವ ಅಯಾನಿಕ್ ಹರಳು.

ಇನ್ನೊಂದು ಮರೆತುಹೋಗುವ ಸಂಗತಿ. ಸೋಡಿಯಂ ಲೋಹದಲ್ಲಿ ಪಕ್ಕಪಕ್ಕದ ಎರಡು ಪರಮಾಣುಗಳ ವ್ಯತ್ಯಾಸ ಸೊನ್ನೆ. ಹಾಗಂತ ಅದು ಕ್ಲೋರಿನ್ ಅಣುವಿನಂಥ ಕೋವೇಲೆಂಟ್ ಬಂಧವಲ್ಲ, ಲೋಹೀಯ ಬಂಧ. ವ್ಯತ್ಯಾಸದ ಜೊತೆಗೆ ಎರಡೂ ಅಂಕಿಗಳ ಸರಾಸರಿಯನ್ನೂ ನೋಡಬೇಕು. ಸರಾಸರಿ ಕಡಿಮೆ, ವ್ಯತ್ಯಾಸವೂ ಕಡಿಮೆ ಇದ್ದರೆ ಲೋಹ. ಸರಾಸರಿ ಜಾಸ್ತಿ, ವ್ಯತ್ಯಾಸ ಕಡಿಮೆ ಇದ್ದರೆ ಕೋವೇಲೆಂಟ್. ವ್ಯತ್ಯಾಸವೇ ದೊಡ್ಡದಾದರೆ ಅಯಾನಿಕ್. ಈ ಮೂರನ್ನೂ ಮೂರು ಮೂಲೆಗಿಟ್ಟು ಬರೆಯುವ ತ್ರಿಕೋನವೇ ಇದೆ, ವಾನ್ ಆರ್ಕೆಲ್–ಕೆಟೆಲಾರ್ ತ್ರಿಕೋನ ಎಂದು ಕರೆಯುತ್ತಾರೆ. ನನ್ನ ಮಟ್ಟಿಗೆ ಶಾಲೆಯಲ್ಲೂ ಗಡಿ ಅಂಕಿಗಳಿಗಿಂತ ಇದನ್ನೇ ಕಲಿಸುವುದು ವಾಸಿ.

ಪಟ್ಟಿ ಕೈಯಲ್ಲಿಲ್ಲದಿದ್ದರೆ?

ಆವರ್ತ ಕೋಷ್ಟಕದಲ್ಲಿ ಬಲಕ್ಕೆ ಹೋದಂತೆ ವಿದ್ಯುದೃಣತೆ ಹೆಚ್ಚುತ್ತದೆ. ನ್ಯೂಕ್ಲಿಯಸ್‌ನ ಧನ ಆವೇಶ ಏರುತ್ತದೆ, ಆದರೆ ಹೊರ ಎಲೆಕ್ಟ್ರಾನ್‌ಗಳು ಅದೇ ಕವಚದಲ್ಲಿ ಉಳಿಯುತ್ತವೆ, ಹಾಗಾಗಿ ಹಿಡಿತ ಬಿಗಿಯಾಗುತ್ತದೆ. ಕೆಳಕ್ಕೆ ಹೋದಂತೆ ಕವಚಗಳು ಹೆಚ್ಚಿ ಹಿಡಿತ ಸಡಿಲವಾಗುತ್ತದೆ. ಕೋಷ್ಟಕದಲ್ಲಿ ಎರಡು ಧಾತುಗಳು ದೂರ ದೂರ ಇದ್ದಷ್ಟೂ ಬಂಧ ಹೆಚ್ಚು ಧ್ರುವೀಯ ಎಂದು ಸ್ಥೂಲವಾಗಿ ಹೇಳಬಹುದು.

ಹೈಡ್ರೋಜನ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕೋಷ್ಟಕದಲ್ಲಿ ಸೋಡಿಯಂ ಇರುವ ಕಂಬಸಾಲಿನ ಮೇಲ್ತುದಿಯಲ್ಲಿ ಕೂತಿದೆ, ಆದರೆ ಅದರ ಅಂಕಿ ಬೋರಾನ್ ಮತ್ತು ಕಾರ್ಬನ್ ನಡುವೆ ಬರುತ್ತದೆ. ಮನಸ್ಸಿನಲ್ಲಿ ಅದನ್ನು ಎತ್ತಿ ಅಲ್ಲಿ ಇಟ್ಟುಕೊಳ್ಳಿ. ಉಳಿದಂತೆ ಫ್ಲೂರಿನ್, ಆಕ್ಸಿಜನ್, ಕ್ಲೋರಿನ್, ನೈಟ್ರೋಜನ್, ಬ್ರೋಮಿನ್, ಅಯೋಡಿನ್, ಗಂಧಕ, ಕಾರ್ಬನ್, ಹೈಡ್ರೋಜನ್ ಎಂಬ ಇಳಿಕೆ ಕ್ರಮ ಬಾಯಿಪಾಠ ಆದರೆ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಪಟ್ಟಿಯೇ ಬೇಡ.

ಹೈಡ್ರೋಜನ್ ತುದಿ ಯಾವಾಗಲೂ ಧನವೇ?

ಅಲ್ಲ. ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಆಕ್ಸಿಜನ್, ನೈಟ್ರೋಜನ್, ಕ್ಲೋರಿನ್ ಜೊತೆ ಹೈಡ್ರೋಜನ್ ಧನ. ಸಿಲಿಕಾನ್ ಜೊತೆ ವ್ಯತ್ಯಾಸ 0.30, ಅಲ್ಲಿ ಹೈಡ್ರೋಜನ್ನೇ ಸ್ವಲ್ಪ ಋಣ. ಬೋರಾನ್ ಜೊತೆಗೂ ಹಾಗೇ. ಸೋಡಿಯಂ ಹೈಡ್ರೈಡ್‌ನಲ್ಲಂತೂ ಪೂರ್ತಿ ಋಣ ಅಯಾನ್.

ಕಾರ್ಬನ್ ಕಥೆಯೂ ಇದೇ. ಕ್ಲೋರಿನ್ ಜೊತೆ ಕಾರ್ಬನ್ ಧನ. ಮೆಗ್ನೀಸಿಯಂ ಜೊತೆ ಕಟ್ಟಿಕೊಂಡರೆ ವ್ಯತ್ಯಾಸ 1.24, ಈ ಸಲ ಕಾರ್ಬನ್ ಋಣ. ವಿಕ್ಟರ್ ಗ್ರಿನ್ಯಾರ್‌ಗೆ 1912ರಲ್ಲಿ ನೊಬೆಲ್ ತಂದುಕೊಟ್ಟ ಗ್ರಿನ್ಯಾರ್ ಕಾರಕಗಳ ಶಕ್ತಿಯೆಲ್ಲ ಈ ತಿರುಗಿದ ಧ್ರುವೀಯತೆಯಲ್ಲೇ ಇದೆ. ಋಣ ಕಾರ್ಬನ್ ಇನ್ನೊಂದು ಅಣುವಿನ ಧನ ಕಾರ್ಬನ್ ಮೇಲೆ ಎರಗುತ್ತದೆ, ಹೊಸ ಕಾರ್ಬನ್–ಕಾರ್ಬನ್ ಬಂಧ ಹುಟ್ಟುತ್ತದೆ.

ಲೋಹ ಮತ್ತು ಅಲೋಹ ಸೇರಿದರೆ ಅಯಾನಿಕ್, ಎರಡೂ ಅಲೋಹ ಆದರೆ ಕೋವೇಲೆಂಟ್. ಇಷ್ಟು ಸಾಕಲ್ವಾ?

ಮೊದಲ ಊಹೆಗೆ ಸಾಕು. ಆದರೆ ಟೈಟೇನಿಯಂ ಟೆಟ್ರಾಕ್ಲೋರೈಡ್ ಲೋಹ ಮತ್ತು ಅಲೋಹದ ಜೋಡಿ, ಸಾಮಾನ್ಯ ಉಷ್ಣತೆಯಲ್ಲಿ ದ್ರವ, ಸುಮಾರು 136 ಡಿಗ್ರಿಗೆ ಕುದಿಯುತ್ತದೆ. ಅಯಾನಿಕ್ ಉಪ್ಪು ಹೀಗೆ ವರ್ತಿಸುವುದಿಲ್ಲ. ಅಮೋನಿಯಂ ಕ್ಲೋರೈಡ್‌ನಲ್ಲಿ ಲೋಹವೇ ಇಲ್ಲ, ಆದರೆ ಅದು ಅಯಾನಿಕ್.

ಒಂದೇ ವಸ್ತುವಿನಲ್ಲಿ ಎರಡು ಬಗೆಯ ಬಂಧಗಳೂ ಇರಬಹುದು. ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಸೋಡಿಯಂ ಮತ್ತು ಆಕ್ಸಿಜನ್ ನಡುವೆ ವ್ಯತ್ಯಾಸ 2.51, ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವೆ 1.24. ನೀರಿಗೆ ಹಾಕಿದರೆ ಮೊದಲನೆಯದು ಬಿಟ್ಟುಕೊಳ್ಳುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ಅದಕ್ಕೇ "ಈ ವಸ್ತು ಯಾವ ಬಗೆ" ಎಂದು ಕೇಳುವ ಬದಲು "ಈ ಬಂಧ ಯಾವ ಬಗೆ" ಎಂದು ಕೇಳಿ.

ಕಾರ್ಬನ್–ಹೈಡ್ರೋಜನ್ ಬಂಧ ಧ್ರುವೀಯವೇ?

ವ್ಯತ್ಯಾಸ 0.35. ಅಧ್ರುವೀಯ ಎಂದೇ ಲೆಕ್ಕ. ಎಣ್ಣೆ, ಮೇಣ, ಪೆಟ್ರೋಲ್ ನೀರಿನಲ್ಲಿ ಬೆರೆಯದಿರಲು ಅವುಗಳ ತುಂಬ ಇಂಥ ಬಂಧಗಳೇ ಇರುವುದು ಕಾರಣ.

ಆದರೆ ಎಲ್ಲ ಕಾರ್ಬನ್‌ಗಳೂ ಒಂದೇ ಅಲ್ಲ. ಅಸಿಟಿಲೀನ್‌ನಲ್ಲಿ ತ್ರಿಬಂಧದಲ್ಲಿರುವ ಕಾರ್ಬನ್, ಈಥೇನ್‌ನ ಕಾರ್ಬನ್‌ಗಿಂತ ಎಲೆಕ್ಟ್ರಾನ್‌ಗಳನ್ನು ಜಾಸ್ತಿ ಎಳೆಯುತ್ತದೆ. ಹಾಗಾಗಿ ಅಲ್ಲಿಯ ಹೈಡ್ರೋಜನ್ ಹೆಚ್ಚು ಧನ, ಬಲವಾದ ಪ್ರತ್ಯಾಮ್ಲ ಕೊಟ್ಟರೆ ಕಳಚಿಯೂ ಬರುತ್ತದೆ. ಪಟ್ಟಿಯಲ್ಲಿ ಕಾರ್ಬನ್‌ಗೆ ಇರುವುದು ಒಂದೇ ಅಂಕಿ, ಅದು ಈ ಭೇದ ಹೇಳುವುದಿಲ್ಲ.

ಒಂದೇ ಧಾತುವಿನ ಎರಡು ಪರಮಾಣುಗಳಿದ್ದರೆ ಬಂಧ ಖಂಡಿತ ಅಧ್ರುವೀಯ ತಾನೇ?

ಹೈಡ್ರೋಜನ್, ನೈಟ್ರೋಜನ್, ಕ್ಲೋರಿನ್ ಅಣುಗಳಲ್ಲಿ ಹೌದು. ಆದರೆ ಎರಡೂ ಪರಮಾಣುಗಳ ಸುತ್ತಲಿನ ಪರಿಸರ ಒಂದೇ ಇರಬೇಕು. ಒಂದು ಕಾರ್ಬನ್‌ಗೆ ಮೂರು ಫ್ಲೂರಿನ್, ಪಕ್ಕದ ಕಾರ್ಬನ್‌ಗೆ ಮೂರು ಹೈಡ್ರೋಜನ್ ಇದ್ದರೆ ಅವುಗಳ ನಡುವಿನ ಬಂಧ ಸಮಪಾಲಾಗಿ ಉಳಿಯುವುದಿಲ್ಲ. ಓಝೋನ್‌ನಲ್ಲಿ ಇರುವುದು ಆಕ್ಸಿಜನ್ ಮಾತ್ರ, ಆದರೂ ನಡುವಿನ ಆಕ್ಸಿಜನ್ ಧನ, ತುದಿಯವು ಋಣ. ಅಣುವಿಗೆ 0.53 ಡಿಬೈ ಡೈಪೋಲ್ ಮೊಮೆಂಟ್ ಇದೆ (ಧನ, ಋಣ ತುದಿಗಳು ಎಷ್ಟು ಬೇರ್ಪಟ್ಟಿವೆ ಎಂಬುದರ ಅಳತೆ ಇದು, ಡಿಬೈ ಅದರ ಮಾನ).

ಬಂಧಗಳೆಲ್ಲ ಧ್ರುವೀಯ, ಆದರೆ ಅಣು ಅಧ್ರುವೀಯ ಅಂತಾರೆ. ಇದು ಹೇಗೆ?

ಬಂಧದ ಪ್ರಶ್ನೆ ಬೇರೆ, ಅಣುವಿನ ಪ್ರಶ್ನೆ ಬೇರೆ. ಬಂಧಕ್ಕೆ ಎರಡು ಅಂಕಿ ಸಾಕು. ಅಣುವಿಗೆ ಆಕಾರ ಗೊತ್ತಿರಬೇಕು. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸಮನಾಗಿ ಎಳೆದರೆ ಹಗ್ಗ ಬಿಗಿಯಾಗಿರುತ್ತದೆ, ಆದರೆ ಅಲುಗುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ ನೇರ ಗೆರೆಯ ಅಣು. ಎರಡೂ ಬಂಧಗಳಲ್ಲಿ ವ್ಯತ್ಯಾಸ 0.89, ಎಳೆತ ಎದುರುಬದುರು, ಒಟ್ಟು ಸೊನ್ನೆ. ನೀರಿನ ಅಣು 104.5 ಡಿಗ್ರಿ ಬಾಗಿದೆ, ಎರಡು ಎಳೆತಗಳು ಕೂಡಿಕೊಂಡು 1.85 ಡಿಬೈ ಆಗುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್‌ನಲ್ಲಿ ನಾಲ್ಕೂ ಕಡೆ ಕ್ಲೋರಿನ್, ಒಟ್ಟು ಸೊನ್ನೆ. ಒಂದು ಕ್ಲೋರಿನ್ ತೆಗೆದು ಹೈಡ್ರೋಜನ್ ಹಾಕಿ ಕ್ಲೋರೋಫಾರ್ಮ್ ಮಾಡಿದರೆ ಸುಮಾರು 1 ಡಿಬೈ.

ಒಂಟಿ ಎಲೆಕ್ಟ್ರಾನ್ ಜೋಡಿ, ಅಂದರೆ ಯಾವ ಬಂಧದಲ್ಲೂ ಸೇರದ ಜೋಡಿ, ಇದ್ದರೆ ಆಟ ಇನ್ನೂ ಮಜವಾಗುತ್ತದೆ. ಅಮೋನಿಯಾದಲ್ಲಿ ನೈಟ್ರೋಜನ್–ಹೈಡ್ರೋಜನ್ ವ್ಯತ್ಯಾಸ 0.84, ನೈಟ್ರೋಜನ್ ಟ್ರೈಫ್ಲೂರೈಡ್‌ನಲ್ಲಿ ನೈಟ್ರೋಜನ್–ಫ್ಲೂರಿನ್ ವ್ಯತ್ಯಾಸ 0.94. ಎರಡೂ ಒಂದೇ ಆಕಾರ. ಎರಡನೆಯದೇ ಹೆಚ್ಚು ಧ್ರುವೀಯ ಇರಬೇಕು ಅನ್ನಿಸುತ್ತದೆ. ಅಳತೆ ಹೇಳುವುದು ಬೇರೆ: ಅಮೋನಿಯಾ 1.47 ಡಿಬೈ, ನೈಟ್ರೋಜನ್ ಟ್ರೈಫ್ಲೂರೈಡ್ ಬರೀ 0.23. ಅಮೋನಿಯಾದಲ್ಲಿ ಬಂಧಗಳ ಎಲೆಕ್ಟ್ರಾನ್‌ಗಳು ನೈಟ್ರೋಜನ್ ಕಡೆ ವಾಲುತ್ತವೆ, ಒಂಟಿ ಜೋಡಿಯೂ ಅದೇ ದಿಕ್ಕಿನಲ್ಲಿದೆ, ಎರಡೂ ಕೂಡಿಕೊಳ್ಳುತ್ತವೆ. ಇನ್ನೊಂದರಲ್ಲಿ ಬಂಧಗಳು ಫ್ಲೂರಿನ್ ಕಡೆ ಎಳೆಯುತ್ತವೆ, ಒಂಟಿ ಜೋಡಿ ಎದುರು ದಿಕ್ಕಿಗೆ, ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ.

ಅಣುವಿನ ಒಟ್ಟು ಸೊನ್ನೆ ಆದರೆ ಬಂಧದ ಧ್ರುವೀಯತೆ ಇದ್ದೇನು ಬಂತು?

ಭೂಮಿಯ ಬಿಸಿಯೇ ಇದಕ್ಕೆ ಉತ್ತರ. ಒಣಗಾಳಿಯ ಶೇ 99ರಷ್ಟು ನೈಟ್ರೋಜನ್ ಮತ್ತು ಆಕ್ಸಿಜನ್. ಅವುಗಳ ಬಂಧ ಅಧ್ರುವೀಯ, ಎಷ್ಟೇ ಕಂಪಿಸಿದರೂ ಡೈಪೋಲ್ ಹುಟ್ಟುವುದಿಲ್ಲ, ಹಾಗಾಗಿ ಅವಕೆಂಪು ಕಿರಣಗಳನ್ನು ಹೀರುವುದಿಲ್ಲ ಎನ್ನಬಹುದು. ಕಾರ್ಬನ್ ಡೈಆಕ್ಸೈಡ್ ಸುಮ್ಮನಿದ್ದಾಗ ಒಟ್ಟು ಸೊನ್ನೆ. ಆದರೆ ಅದು ಬಾಗಿದಾಗ, ಅಥವಾ ಒಂದು ಬಂಧ ಹಿಗ್ಗಿ ಇನ್ನೊಂದು ಕುಗ್ಗಿದಾಗ ಸಮತೋಲ ತಪ್ಪಿ ಆ ಕ್ಷಣಕ್ಕೆ ಡೈಪೋಲ್ ಬರುತ್ತದೆ. ಆ ಕಂಪನಗಳ ಮೂಲಕ ಅದು ಅವಕೆಂಪು ಕಿರಣ ಹೀರಿಕೊಂಡು ಭೂಮಿ ಹೊರಬಿಡುವ ಬಿಸಿಯನ್ನು ತಡೆಹಿಡಿಯುತ್ತದೆ. ಈ ಅನಿಲಗಳ ನಡುವಿನ ಭೇದವನ್ನು ಜಾನ್ ಟಿಂಡಾಲ್ 1859ರಲ್ಲೇ ಪ್ರಯೋಗದಿಂದ ತೋರಿಸಲು ಶುರುಮಾಡಿದ್ದರು.

ಧ್ರುವೀಯತೆಯನ್ನು ನಿಜವಾಗಿ ಅಳೆಯಬಹುದಾ, ಇಲ್ಲ ಪಟ್ಟಿಯೇ ಗತಿಯಾ?

ಅಳೆಯಬಹುದು. ಡೈಪೋಲ್ ಮೊಮೆಂಟ್ ಅಂದರೆ ಆವೇಶ ಮತ್ತು ಅಂತರದ ಗುಣಲಬ್ಧ. ಪೀಟರ್ ಡಿಬೈ ಹೆಸರಿನ ಡಿಬೈ ಅದರ ಮಾನ. ಎರಡೇ ಪರಮಾಣುಗಳ ಅಣುವಾದರೆ ಅಳತೆಯಿಂದ ನೇರ ಬಂಧಕ್ಕೆ ಬರಬಹುದು.

ಹೈಡ್ರೋಜನ್ ಕ್ಲೋರೈಡ್‌ನ ಬಂಧದ ಉದ್ದ 127 ಪಿಕೋಮೀಟರ್. ಎಲೆಕ್ಟ್ರಾನ್ ಪೂರ್ತಿ ಕ್ಲೋರಿನ್‌ಗೆ ಹೋಗಿಬಿಟ್ಟಿದ್ದರೆ ಡೈಪೋಲ್ ಮೊಮೆಂಟ್ 6.1 ಡಿಬೈ ಆಗಬೇಕು. ಅಳೆದರೆ 1.08. ಭಾಗಿಸಿದರೆ 0.18. ಅಂದರೆ ಸುಮಾರು ಶೇ 18ರಷ್ಟು ವಾಲಿದೆ. ಇದೇ ಲೆಕ್ಕ ಹೈಡ್ರೋಜನ್ ಫ್ಲೂರೈಡ್‌ಗೆ ಹಾಕಿದರೆ ಸುಮಾರು ಶೇ 41. ಅನಿಲ ರೂಪದ ಸೋಡಿಯಂ ಕ್ಲೋರೈಡ್‌ಗೆ ಶೇ 79ರ ಹತ್ತಿರ. ಎಲ್ಲರೂ ಅಯಾನಿಕ್ ಎಂದು ಕಣ್ಣುಮುಚ್ಚಿ ಹೇಳುವ ಸೋಡಿಯಂ ಕ್ಲೋರೈಡ್ ಕೂಡ ಬಿಡಿ ಅಣುವಾಗಿ ನೂರಕ್ಕೆ ನೂರು ಮುಟ್ಟುವುದಿಲ್ಲ!

ಪಟ್ಟಿ ಹೇಳಿದ ದಿಕ್ಕೇ ತಪ್ಪಾಗುವುದು ಉಂಟಾ?

ಅಪರೂಪ, ಆದರೆ ಉಂಟು. ಕಾರ್ಬನ್ ಮಾನಾಕ್ಸೈಡ್‌ನಲ್ಲಿ ವ್ಯತ್ಯಾಸ 0.89, ಆಕ್ಸಿಜನ್ ಋಣ ಇರಬೇಕಿತ್ತು. ಅಳತೆಯಲ್ಲಿ ಡೈಪೋಲ್ ಮೊಮೆಂಟ್ ಬರೀ 0.11 ಡಿಬೈ, ಅದೂ ಕಾರ್ಬನ್ ತುದಿಯೇ ಋಣ. ಆಕ್ಸಿಜನ್ ತನ್ನ ಎಲೆಕ್ಟ್ರಾನ್‌ಗಳನ್ನೇ ತ್ರಿಬಂಧಕ್ಕೆ ಹೆಚ್ಚಾಗಿ ಕೊಟ್ಟಿರುತ್ತದೆ, ಕಾರ್ಬನ್ ಮೇಲೆ ಒಂದು ಒಂಟಿ ಜೋಡಿ ಹೊರಕ್ಕೆ ಚಾಚಿಕೊಂಡಿರುತ್ತದೆ. ಇವೆರಡು ಸೇರಿ ವಿದ್ಯುದೃಣತೆಯ ಎಳೆತವನ್ನು ಮೀರಿಸುತ್ತವೆ.

ಆಕ್ಸಿಡೇಶನ್ ಸಂಖ್ಯೆ ಮತ್ತು ಡೆಲ್ಟಾ ಆವೇಶ ಒಂದೇನಾ?

ಒಂದೇ ಅಲ್ಲ. ಆಕ್ಸಿಡೇಶನ್ ಸಂಖ್ಯೆ ಹಾಕುವಾಗ ಜೋಡಿ ಪೂರ್ತಿ ಬಲಶಾಲಿಗೇ ಹೋಯಿತು ಎಂದು ಊಹಿಸುತ್ತೇವೆ. ಹೈಡ್ರೋಜನ್ ಕ್ಲೋರೈಡ್‌ನಲ್ಲಿ ಅದು ಪ್ಲಸ್ 1, ಮೈನಸ್ 1. ನಿಜವಾದ ಆವೇಶ 0.18ರಷ್ಟು ಎಂದು ಈಗಷ್ಟೇ ನೋಡಿದೆವು.

ಎಲೆಕ್ಟ್ರಾನ್ ಅಫಿನಿಟಿ ನೋಡಿ ಹೇಳಬಹುದಾ?

ಬೇಡ. ಅದು ಒಂಟಿ ಪರಮಾಣು ಒಂದು ಎಲೆಕ್ಟ್ರಾನ್ ಪಡೆದಾಗ ಹೊರಬರುವ ಶಕ್ತಿ. ಅದರಲ್ಲಿ ಕ್ಲೋರಿನ್ ಫ್ಲೂರಿನ್‌ಗಿಂತ ಮುಂದಿದೆ: ಮೋಲ್‌ಗೆ 349 ಕಿಲೋಜೂಲ್, ಫ್ಲೂರಿನ್‌ಗೆ 328. ಬಂಧದಲ್ಲಿ ಎಳೆಯುವ ವಿಷಯಕ್ಕೆ ಬಂದರೆ ಫ್ಲೂರಿನ್ನೇ ಮುಂದು.

ಉಜ್ಜಿದ ಬಾಚಣಿಗೆ ಹಿಡಿದರೆ ನಲ್ಲಿ ನೀರಿನ ಎಳೆ ಬಾಗುತ್ತದಲ್ಲ, ಅದು ಬಂಧದ ಧ್ರುವೀಯತೆಗೆ ಪುರಾವೆಯಾ?

ಪ್ರಯೋಗ ನೋಡಲು ಚೆಂದ, ವಿವರಣೆ ಮಾತ್ರ ಸರಿಯಿಲ್ಲ. ಡೈಪೋಲ್ ಇರುವ ಅಣು ವಿದ್ಯುತ್ ಕ್ಷೇತ್ರದಲ್ಲಿ ತಿರುಗಿ ನಿಲ್ಲುತ್ತದೆ. ಕ್ಷೇತ್ರ ಸಮನಾಗಿದ್ದರೆ ಅದರ ಮೇಲೆ ಒಟ್ಟು ಎಳೆತ ಇರುವುದಿಲ್ಲ, ಬಾಚಣಿಗೆಯ ಹತ್ತಿರದಂಥ ಅಸಮ ಕ್ಷೇತ್ರದಲ್ಲಿ ಇರುವ ಎಳೆತವೂ ತೀರಾ ಸಣ್ಣದು. ನೀರಿನಲ್ಲಿ ಅಯಾನ್‌ಗಳಿರುತ್ತವೆ, ಬಾಚಣಿಗೆಯ ಆವೇಶದಿಂದ ನೀರಿನ ಎಳೆಯಲ್ಲೇ ವಿರುದ್ಧ ಆವೇಶ ಸೇರಿಕೊಳ್ಳುತ್ತದೆ. ಎಳೆ ಅಷ್ಟು ಬಾಗುವುದಕ್ಕೆ ಮುಖ್ಯ ಕಾರಣ ಅದು.

ಬಂಧ ಹೆಚ್ಚು ಧ್ರುವೀಯ ಆದಷ್ಟೂ ಬೇಗ ಒಡೆಯುತ್ತದೆ, ಬೇಗ ವರ್ತಿಸುತ್ತದೆ. ಸರಿನಾ?

ಕಾರ್ಬನ್–ಫ್ಲೂರಿನ್ ವ್ಯತ್ಯಾಸ 1.43, ಕಾರ್ಬನ್–ಅಯೋಡಿನ್ ಬರೀ 0.11. ಈ ನಿಯಮ ನಿಜವಾಗಿದ್ದರೆ ಫ್ಲೂರಿನ್ ಮೊದಲು ಕಳಚಬೇಕಿತ್ತು. ಆಗುವುದು ತದ್ವಿರುದ್ಧ. ಸಾಮಾನ್ಯ ಆಲ್ಕೈಲ್ ಹ್ಯಾಲೈಡ್‌ಗಳಲ್ಲಿ (ಕಾರ್ಬನ್ ಸರಪಳಿಗೆ ಫ್ಲೂರಿನ್, ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಅಂಟಿದ ವಸ್ತುಗಳಲ್ಲಿ) ಅಯೋಡಿನ್ ಸುಲಭವಾಗಿ ಜಾಗ ಬಿಡುತ್ತದೆ, ಫ್ಲೂರಿನ್ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಧ್ರುವೀಯತೆ ಬಂಧವನ್ನು ಗಟ್ಟಿ ಮಾಡುತ್ತದೆ ಎಂದು ಪಾಲಿಂಗ್ ಲೆಕ್ಕದಲ್ಲೇ ನೋಡಿದೆವಲ್ಲ. ಅಯೋಡಿನ್‌ನದು ದೊಡ್ಡ, ಸಡಿಲವಾದ ಎಲೆಕ್ಟ್ರಾನ್ ಮೋಡ. ಇನ್ನೊಂದು ಅಣು ಹತ್ತಿರ ಬಂದ ಕೂಡಲೇ ಅದು ಆಕಾರ ಬದಲಿಸಿಕೊಳ್ಳುತ್ತದೆ. ಇದು ಧ್ರುವೀಕರಣಗೊಳ್ಳುವ ಸಾಮರ್ಥ್ಯ, ಸುಮ್ಮನಿದ್ದಾಗ ಇರುವ ಧ್ರುವೀಯತೆ ಅಲ್ಲ. ಟೆಫ್ಲಾನ್‌ನಲ್ಲಿ ಇದೇ ಕಾರ್ಬನ್–ಫ್ಲೂರಿನ್ ಬಂಧಗಳು ತುಂಬಿವೆ. ಬಂಧಗಳ ಎಳೆತ ಸರಪಳಿಯ ಉದ್ದಕ್ಕೂ ಒಂದನ್ನೊಂದು ಅಳಿಸಿಹಾಕುತ್ತದೆ, ಫ್ಲೂರಿನ್‌ನ ಬಿಗಿ ಮೋಡ ಯಾರ ಎಳೆತಕ್ಕೂ ಸುಲಭವಾಗಿ ಬಾಗುವುದಿಲ್ಲ. ಹಾಗಾಗಿ ಅದಕ್ಕೆ ನೀರೂ ಅಂಟುವುದಿಲ್ಲ, ಎಣ್ಣೆಯೂ ಅಂಟುವುದಿಲ್ಲ.